ಸುಂಟಿಕೊಪ್ಪದಲ್ಲಿ ಮಳೆ, ಪಕ್ಕದೂರಲ್ಲಿ ಬಿಸಿಲು: ಕೊಡಗಿನ ಹೂಮಳೆ ಕಾಲ ಹೀಗೇಕೆ?

ಮಾರ್ಚ್ ತಿಂಗಳಲ್ಲಿ, ಅಂದರೆ ಕಾಫಿ ಹೂವನ್ನು ಅರಳಿಸುವ ಹೂಮಳೆಯ ಕಾಲದಲ್ಲಿ, ಕೊಡಗಿನ ಯಾವ ಪೇಟೆಗೆ ಹೋದರೂ ಮಾತು ಒಂದೇ. ಹೋಟೆಲಿನಲ್ಲಿ, ಗೊಬ್ಬರದ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲ ಕಡೆ. "ನಿಮ್ಮಲ್ಲಿ ಎಷ್ಟು ಬಿತ್ತು?" "ಅರವತ್ತು ಸೆಂಟ್ಸ್. ನಿಮ್ಮಲ್ಲಿ?" "ಒಂದು ಹನಿ ಇಲ್ಲಣ್ಣ." ಇಬ್ಬರ ತೋಟಗಳ ನಡುವೆ ಇರುವುದು ಎರಡೋ ಮೂರೋ ಕಿಲೋಮೀಟರ್ ಅಷ್ಟೇ.

ಸೆಂಟ್ಸ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಸರ್ಕಾರದ ಲೆಕ್ಕ ಮಿಲಿಮೀಟರಿನಲ್ಲಿ ಇದ್ದರೂ ತೋಟದವರು ಇಂದಿಗೂ ಇಂಚು, ಸೆಂಟ್ಸ್ ಎಂದೇ ಹೇಳುತ್ತಾರೆ. 100 ಸೆಂಟ್ಸ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಈ ಒಂದು ಇಂಚನ್ನು ನೆನಪಿಡಿ. ಕೊಡಗಿನಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಹವಾಮಾನದ ಕಥೆ ಬಹುಮಟ್ಟಿಗೆ ಅದರ ಸುತ್ತಲೇ ಇದೆ.

ಈ ಮೂರು ತಿಂಗಳ ಹವಾಮಾನಕ್ಕೆ ತಲೆಬುಡ ಇಲ್ಲ ಎಂದು ಎಲ್ಲರೂ ಬೈಯುತ್ತಾರೆ. ಬೆಳಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನ್, ಸಂಜೆ ಕೊಡೆ. ಆದರೆ ಇದಕ್ಕೂ ಒಂದು ಕ್ರಮ ಇದೆ. ಜೂನ್ ತಿಂಗಳ ಮಳೆ ಕಡಲಿನಿಂದ ತಯಾರಾಗಿಯೇ ಬರುತ್ತದೆ. ಇಡೀ ಜಿಲ್ಲೆಯ ಮೇಲೆ ದಿನಗಟ್ಟಲೆ ಸುರಿಯುತ್ತದೆ. ಮಾರ್ಚ್ ಮಳೆ ಹಾಗಲ್ಲ. ಅದು ಇಲ್ಲೇ, ಇದೇ ಗುಡ್ಡಗಳ ಮೇಲೆ, ಅವತ್ತಿನ ಬಿಸಿಲಿನಿಂದಲೇ ಹುಟ್ಟುತ್ತದೆ. ಹಾಗಾಗಿ ಚೂರು ಚೂರಾಗಿ ಬೀಳುತ್ತದೆ.

ಊರಿನ ಏರಿಳಿತದಿಂದ ಶುರುಮಾಡೋಣ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿ. ಅಲ್ಲಿಂದ ಸುಂಟಿಕೊಪ್ಪದ ಮೇಲೆ ಕುಶಾಲನಗರಕ್ಕೆ ಇಳಿಯುವ ದಾರಿ ಸುಮಾರು 30 ಕಿಲೋಮೀಟರ್. ಇಷ್ಟರಲ್ಲಿ ನಾವು ಸುಮಾರು 300 ಮೀಟರ್ ಕೆಳಗೆ ಬಂದಿರುತ್ತೇವೆ. ವರ್ಷದ ಮಳೆಯೂ ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಇಳಿದಿರುತ್ತದೆ. ಪಡುವಣ ಕಡೆಯ ಭಾಗಮಂಡಲದಲ್ಲಿ ಮಡಿಕೇರಿಗಿಂತಲೂ ಜಾಸ್ತಿ ಮಳೆ. ದಕ್ಷಿಣಕ್ಕೆ ಹೋದರೆ ಬ್ರಹ್ಮಗಿರಿ ಸಾಲು, ನಾಪೋಕ್ಲು ಕಡೆ 1,748 ಮೀಟರಿನ ತಡಿಯಂಡಮೋಳ್, ಉತ್ತರದ ತುದಿಯಲ್ಲಿ ಪುಷ್ಪಗಿರಿ. ಇವುಗಳ ನಡುವೆ ಗುಡ್ಡದ ಓರೆಯಲ್ಲಿ ಕಾಫಿ ತೋಟ, ತಗ್ಗಿನಲ್ಲಿ ಗದ್ದೆ, ಮತ್ತೆ ಗುಡ್ಡ, ಮತ್ತೆ ಗದ್ದೆ. ಇಷ್ಟು ಸಣ್ಣ ಜಿಲ್ಲೆಯಲ್ಲಿ ಇಷ್ಟೊಂದು ಏರುತಗ್ಗು ಇದ್ದ ಮೇಲೆ ಒಂದೇ ಹವಾಮಾನ ಇರಲು ಸಾಧ್ಯವೇ ಇಲ್ಲ, ಅಲ್ವಾ?

ಬೆಳಗಿನ ಚಳಿ, ಮಧ್ಯಾಹ್ನದ ಕಾವು

ಫೆಬ್ರವರಿಯಲ್ಲಿ ಸಾಮಾನ್ಯವಾಗಿ ಗಾಳಿ ಬೀಸುವುದು ಮೂಡಣ ಬಯಲುಸೀಮೆಯ ಕಡೆಯಿಂದ. ಅದು ಒಣಗಾಳಿ. ಆಕಾಶದಲ್ಲಿ ಮೋಡ ಇರುವುದಿಲ್ಲ. ಗಾಳಿಯಲ್ಲಿರುವ ನೀರಾವಿ ನೆಲದ ಮೇಲೆ ಹೊದಿಸಿದ ಕಂಬಳಿಯ ಹಾಗೆ. ನೆಲದಿಂದ ಹೊರಟ ಕಾವನ್ನು ಹಿಡಿದಿಡುತ್ತದೆ. ಒಣಗಾಳಿಯ ದಿನಗಳಲ್ಲಿ ಅದು ತೆಳುವಾಗಿರುತ್ತದೆ. ಹಗಲಿಡೀ ಕಾದ ನೆಲ ರಾತ್ರಿ ಆ ಕಾವನ್ನೆಲ್ಲ ಬರಿ ಆಕಾಶಕ್ಕೆ ಬಿಟ್ಟುಬಿಡುತ್ತದೆ.

ನೆಲ ತಣ್ಣಗಾದರೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿಗೆ ತೂಕ ಜಾಸ್ತಿ. ಅದು ಗುಡ್ಡದ ಓರೆಯಲ್ಲಿ ನಿಧಾನಕ್ಕೆ ಜಾರಿ ಗದ್ದೆ ಬಯಲಿನಲ್ಲಿ ಸೇರುತ್ತದೆ. ಹಾಗಾಗಿ ಬೆಳಗಿನ ಜಾವ ಗುಡ್ಡದ ಮೇಲಿನ ಮನೆಗಿಂತ ಗದ್ದೆ ಬದಿಯ ಮನೆಯಲ್ಲಿ ಚಳಿ ಹೆಚ್ಚು. ಎತ್ತರಕ್ಕೆ ಹೋದಂತೆ ಚಳಿ ಹೆಚ್ಚಬೇಕು ಎಂಬ ಸಾಮಾನ್ಯ ಲೆಕ್ಕ ಆ ಹೊತ್ತಿಗೆ ತಿರುವುಮುರುವಾಗಿರುತ್ತದೆ. ಗದ್ದೆಯ ಮೇಲೆ ಮಂಜು ನಿಲ್ಲುವುದೂ ಇದರಿಂದಲೇ. ಇರುವ ಅಲ್ಪಸ್ವಲ್ಪ ತೇವ ಆ ತಣ್ಣನೆ ಗಾಳಿಯಲ್ಲಿ ಸಣ್ಣ ಹನಿಗಳಾಗಿ ತೇಲುತ್ತದೆ.

ಬಿಸಿಲು ಏರಿತು ಅಂದರೆ ಮಂಜು ಕರಗುತ್ತದೆ. ಒಣಗಿದ ನೆಲ ಬೇಗ ಕಾಯುತ್ತದೆ. ನೆಲದಲ್ಲಿ ತೇವ ಇದ್ದರೆ ಬಿಸಿಲಿನ ಒಂದಷ್ಟು ಪಾಲು ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗುತ್ತದೆ. ತೇವ ಇಲ್ಲದಿದ್ದರೆ ಬಿಸಿಲೆಲ್ಲ ನೇರವಾಗಿ ನೆಲಕ್ಕೆ. ಬೆಳಗ್ಗೆ 15 ಡಿಗ್ರಿ ಇದ್ದದ್ದು ಮಧ್ಯಾಹ್ನಕ್ಕೆ 30 ಮುಟ್ಟುವುದು ಇಲ್ಲಿ ವಿಶೇಷ ಏನಲ್ಲ. ನೆಗಡಿ, ಕೆಮ್ಮು ಎಂದು ಮನೆ ಮನೆಯಲ್ಲಿ ಕೇಳಿಬರುವ ಕಾಲವೂ ಇದೇ.

ಶಿವರಾತ್ರಿ ಬಂತೆಂದರೆ ಚಳಿ ಶಿವ ಶಿವ ಎನ್ನುತ್ತಾ ಹೋಗುತ್ತದೆ ಎಂಬ ಮಾತಿದೆ. ಕೊಡಗಿನಲ್ಲಿ ಅದು ಅರ್ಧ ಮಾತ್ರ ನಿಜ. ಶಿವರಾತ್ರಿ ಕಳೆದ ಮೇಲೂ ಗಾಳಿ ಒಣಗಿರುವ ತನಕ ಬೆಳಗಿನ ಚಳಿ ಇದ್ದೇ ಇರುತ್ತದೆ. ಅದು ಹೋಗುವುದು ಗಾಳಿಯಲ್ಲಿ ತೇವ ಸೇರಿದಾಗ. ಹಿರಿಯರು ಇದನ್ನು ಚೆನ್ನಾಗಿ ಗಮನಿಸುತ್ತಾರೆ. ಮಾರ್ಚ್‌ನಲ್ಲಿ ಒಂದು ರಾತ್ರಿ ಇದ್ದಕ್ಕಿದ್ದಂತೆ ಸೆಕೆ ಅನ್ನಿಸಿ ಬೆಳಗಿನ ಚಳಿ ಕಡಿಮೆಯಾದರೆ, "ಇನ್ನು ಎರಡು ಮೂರು ದಿನದಲ್ಲಿ ಮೋಡ ಕಟ್ಟುತ್ತದೆ" ಎನ್ನುತ್ತಾರೆ. ಇದು ಸುಮ್ನೆ ಹೇಳುವ ಮಾತಲ್ಲ. ರಾತ್ರಿ ಬೆಚ್ಚಗಾಯಿತು ಎಂದರೆ ನೀರಾವಿ ಬಂದಿದೆ ಎಂದೇ ಅರ್ಥ. ಮಳೆಗೆ ಬೇಕಾದ ಸರಕು ಅದೇ.

ಮಳೆ ಹುಟ್ಟುವ ಬಗೆ

ಆ ತೇವ ಎರಡು ಕಡೆಯಿಂದ ಬರಬಹುದು. ಒಂದು ಪಡುವಣದಿಂದ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಗಾಳಿ ಮೇಲೇರುತ್ತದೆ. ಆ ಜಾಗ ತುಂಬಲು ಅರಬ್ಬಿ ಸಮುದ್ರದ ಕಡೆಯಿಂದ ತೇವದ ಗಾಳಿ ಕೇರಳದ ತಪ್ಪಲು ದಾಟಿ ಘಟ್ಟ ಹತ್ತುತ್ತದೆ. ಇನ್ನೊಂದು ಮೂಡಣದಿಂದ. ಬಂಗಾಳ ಕೊಲ್ಲಿಯ ಗಾಳಿ ಕೆಲವು ದಿನ ತಮಿಳುನಾಡು ದಾಟಿ ಇಲ್ಲಿಯವರೆಗೆ ಬರುತ್ತದೆ. ಬೇಸಿಗೆಯಲ್ಲಿ ಮರಾಠವಾಡ, ವಿದರ್ಭದ ಕಡೆಯಿಂದ ಕರ್ನಾಟಕದ ಒಳನಾಡಿನ ಮೂಲಕ ದಕ್ಷಿಣದವರೆಗೆ ಉದ್ದಕ್ಕೆ ಒಂದು ಕಡಿಮೆ ಒತ್ತಡದ ಪಟ್ಟಿ ಆಗಾಗ ಏರ್ಪಡುತ್ತದೆ. ಅದರ ಎರಡೂ ಬದಿಯಲ್ಲಿ ಗಾಳಿಯ ದಿಕ್ಕು ಬೇರೆ ಬೇರೆ. ಸುದ್ದಿಯಲ್ಲಿ ಟ್ರಫ್ ಎಂದು ಹೇಳುವುದು ಇದಕ್ಕೇ. ಈ ಪಟ್ಟಿ ಕೊಡಗಿನ ಹತ್ತಿರ ಸರಿದ ದಿನ ಮಳೆಯ ಸಾಧ್ಯತೆ ಹೆಚ್ಚು. ದೂರ ಸರಿದರೆ ಮತ್ತೆ ಬರಿ ಬಿಸಿಲು.

ಎರಡು ಗಾಳಿ ಎದುರಾದರೆ ಎರಡಕ್ಕೂ ಮೇಲೇರದೆ ಬೇರೆ ದಾರಿ ಇಲ್ಲ. ಗುಡ್ಡವೂ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಮೇಲೇರುವ ಗಾಳಿ ಹಿಗ್ಗುತ್ತದೆ, ಹಿಗ್ಗಿದಂತೆ ತಣ್ಣಗಾಗುತ್ತದೆ. ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಒಂದು ಎತ್ತರದಲ್ಲಿ ನೀರಾವಿ ಹನಿಯಾಗಲು ಶುರುವಾಗುತ್ತದೆ. ಮೋಡದ ತಳ ಚಪ್ಪಟೆಯಾಗಿ ಕಾಣುವುದು ಅಲ್ಲೇ.

ಇನ್ನು ಮುಂದಿನದು ಸೊಗಸಾದ ಸಂಗತಿ. ನೀರನ್ನು ಆವಿ ಮಾಡಲು ಶಾಖ ಬೇಕು. ಆವಿ ಮತ್ತೆ ಹನಿಯಾದಾಗ ಅಷ್ಟೇ ಶಾಖ ವಾಪಸ್ ಸಿಗುತ್ತದೆ. ಹೀಗೆ ಮೋಡದ ಒಳಗೇ ಕಾವು ಹುಟ್ಟಿ ಅದು ಇನ್ನೂ ಮೇಲೇರುತ್ತದೆ. ಹನ್ನೊಂದು ಗಂಟೆಗೆ ಹತ್ತಿಯ ಗುಡ್ಡೆಯಂತೆ ಕಂಡದ್ದು ಮೂರು ಗಂಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಕಪ್ಪು ಮೋಡ ಆಗಿರಬಹುದು. ನಾಲ್ಕೂವರೆ, ಐದು ಕಿಲೋಮೀಟರ್ ಮೇಲೆ ಉಷ್ಣತೆ ಸೊನ್ನೆಗಿಂತ ಕೆಳಗೆ. ಅಲ್ಲಿ ಹನಿಗಳು ಹೆಪ್ಪುಗಟ್ಟುತ್ತವೆ. ಬಲವಾದ ಗಾಳಿ ಅವನ್ನು ಮೇಲಕ್ಕೆತ್ತಿ ಹಿಡಿದಷ್ಟು ಹೊತ್ತು ಅವು ದಪ್ಪವಾಗುತ್ತಾ ಹೋಗುತ್ತವೆ. ಅದೇ ಆಲಿಕಲ್ಲು. ಕರಾವಳಿಯಲ್ಲಾದರೆ ನೆಲ ಮುಟ್ಟುವ ಮುಂಚೆ ಎಷ್ಟೋ ಕರಗಿಹೋಗುತ್ತದೆ. ನಮ್ಮ ನೆಲವೇ ಒಂದು ಕಿಲೋಮೀಟರ್ ಮೇಲಿದೆ. ಕರಗಲು ಸಿಗುವ ದಾರಿ ಅಷ್ಟು ಕಡಿಮೆ.

ಮಳೆ ಬೀಳುವ ಮುಂಚೆ ಒಂದು ತಣ್ಣನೆ ಗಾಳಿ ರಭಸವಾಗಿ ಬೀಸುತ್ತದೆ. ಅದರ ಜೊತೆಗೇ ಮಣ್ಣಿನ ವಾಸನೆ ಬರುತ್ತದೆ. ಎಲ್ಲೋ ಹತ್ತಿರದಲ್ಲಿ ಮಳೆ ಆಗಲೇ ಬಿದ್ದಿದೆ ಎಂದು ಅದು ತಿಳಿಸುತ್ತದೆ. ಮಳೆಹನಿ ತನ್ನ ಜೊತೆ ಮೇಲಿನ ತಣ್ಣನೆ ಗಾಳಿಯನ್ನೂ ಎಳೆದು ತರುತ್ತದೆ. ಅದು ನೆಲಕ್ಕೆ ಅಪ್ಪಳಿಸಿ ಸುತ್ತಲೂ ಹರಡುತ್ತದೆ. ಮೋಡ ಸಾಯುವುದೂ ಇದರಿಂದಲೇ. ತಣ್ಣನೆ ಗಾಳಿ ಕೆಳಗೆ ಹರಡಿದ ಮೇಲೆ ಮೋಡಕ್ಕೆ ಬಿಸಿಗಾಳಿಯ ಪೂರೈಕೆ ನಿಂತುಹೋಗುತ್ತದೆ. ಒಂದು ಒಂಟಿ ಗುಡುಗುಮೋಡದ ಆಯಸ್ಸು ಅರ್ಧ ಗಂಟೆಯಿಂದ ಒಂದು ಗಂಟೆ. ಅಗಲ ಕೆಲವೇ ಕಿಲೋಮೀಟರ್. ಸುಂಟಿಕೊಪ್ಪದಲ್ಲಿ ಚರಂಡಿ ತುಂಬಿ ಹರಿಯುವಾಗ ಚೆಟ್ಟಳ್ಳಿಯಲ್ಲಿ ಕಣದ ಮೇಲೆ ಕಾಫಿ ಒಣಗುತ್ತಿರುತ್ತದೆ ಎಂದರೆ ಕಾರಣ ಇಷ್ಟೇ.

ಆ ಮೋಡ ಸತ್ತರೂ ಅದು ಬಿಟ್ಟ ತಣ್ಣನೆ ಗಾಳಿ ಪಕ್ಕದ ಬಿಸಿಗಾಳಿಯನ್ನು ಎತ್ತಿ ಹಿಡಿಯುತ್ತದೆ. ಅಲ್ಲೊಂದು ಹೊಸ ಮೋಡ ಹುಟ್ಟಬಹುದು. ಒಂದೇ ಮಳೆ ಊರಿಂದ ಊರಿಗೆ ನಡೆದುಕೊಂಡು ಹೋದಂತೆ ನಮಗೆ ಕಾಣುತ್ತದೆ. ಎಷ್ಟೋ ಸಲ ಅದು ಒಂದರ ಹಿಂದೊಂದು ಹುಟ್ಟಿದ ಬೇರೆ ಬೇರೆ ಮಳೆ.

ಒಂದು ಇಂಚಿನ ಬೆಲೆ

ಈ ಚೂರು ಮಳೆಗೆ ಇಷ್ಟು ತಲೆಕೆಡಿಸಿಕೊಳ್ಳುವುದು ಏಕೆ? ಕಾಫಿಗಾಗಿ. ಭಾರತದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಒಂದು ಜಿಲ್ಲೆಯಿಂದ ಬರುತ್ತದೆ. ಆ ಬೆಳೆ ನಿಂತಿರುವುದು ಬೇಸಿಗೆಯ ಎರಡು ಮಳೆಗಳ ಮೇಲೆ.

ಕಾಫಿ ಗಿಡದ ಗಿಣ್ಣುಗಳಲ್ಲಿ ಮೊಗ್ಗು ಕಟ್ಟುವುದು ಮಳೆಗಾಲ ಮುಗಿದ ಮೇಲೆ, ಹಗಲು ಚಿಕ್ಕದಾಗುವ ತಿಂಗಳುಗಳಲ್ಲಿ. ನಾಲ್ಕೈದು ಮಿಲಿಮೀಟರ್ ಬೆಳೆದು ಅವು ನಿಂತುಬಿಡುತ್ತವೆ. ಜನವರಿ, ಫೆಬ್ರವರಿಯ ಒಣಹವೆಯಲ್ಲಿ ನಿದ್ದೆಯಲ್ಲಿರುತ್ತವೆ. ಈ ನಿದ್ದೆ ಗಿಡಕ್ಕೆ ಬೇಕೇ ಬೇಕು. ಒಣಗಾಲ ಸರಿಯಾಗಿ ಸಿಗದಿದ್ದರೆ ಹೂವು ಒಟ್ಟಿಗೆ ಅರಳುವುದಿಲ್ಲ. ಬಿಸಿಲಿನಲ್ಲಿ ಎಲೆ ಬಾಡಿ ಜೋತಾಡುವುದನ್ನು ಕಂಡು ಹೊಸಬರಿಗೆ ಗಾಬರಿ ಆಗುತ್ತದೆ. ಅನುಭವಿ ಬೆಳೆಗಾರರು ಆಗ ಕಾಯುತ್ತಾರೆ.

ಆಮೇಲೆ ಒಂದು ಇಂಚು ಮಳೆ ಬೇಕು, ಒಂದೂವರೆ ಆದರೆ ಇನ್ನೂ ಒಳ್ಳೆಯದು. ಇದೇ ಹೂಮಳೆ. ನೀರು ಬೇರಿಗೆ ತಲುಪಿ, ಉಷ್ಣತೆಯೂ ತಟ್ಟನೆ ಇಳಿದಾಗ ಮೊಗ್ಗು ಎಚ್ಚರಗೊಳ್ಳುತ್ತದೆ. ಕೆಲವೇ ದಿನದಲ್ಲಿ ಹಲವು ಪಟ್ಟು ಉದ್ದವಾಗಿ ಬೆಳ್ಳಗಾಗುತ್ತದೆ. ಇಲ್ಲಿ ಬೆಳೆಯುವ ಎರಡು ಬಗೆಯ ಕಾಫಿಯಲ್ಲಿ ರೋಬಸ್ಟಾ ಏಳೆಂಟು ದಿನಕ್ಕೆ, ಅರೇಬಿಕಾ ಒಂಬತ್ತು ಹತ್ತು ದಿನಕ್ಕೆ ಅರಳುತ್ತದೆ. ಇಡೀ ತೋಟ ಒಂದೇ ಬೆಳಗ್ಗೆ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ ಪೇಟೆಯ ರಸ್ತೆಯವರೆಗೂ ಬರುತ್ತದೆ. ಎರಡು ಮೂರು ದಿನ ಅಷ್ಟೇ. ಆಮೇಲೆ ಹೂವು ಕಂದುಬಣ್ಣಕ್ಕೆ ತಿರುಗುತ್ತದೆ.

ಮಳೆ 40 ಸೆಂಟ್ಸ್‌ಗೆ ನಿಂತರೆ? ನನ್ನ ಪ್ರಕಾರ ಏನೂ ಬೀಳದಿರುವುದಕ್ಕಿಂತ ಅದು ಕೆಟ್ಟದ್ದು. ಮೊಗ್ಗಿಗೆ ಅರ್ಧ ಎಚ್ಚರ ಆಗುತ್ತದೆ. ಮುಂದೆ ಬೆಳೆಯಲು ನೀರಿಲ್ಲ. ಮೇಲಿಂದ ಬಿಸಿಲು. ಕೆಲವು ಸುಟ್ಟುಹೋಗುತ್ತವೆ. ಕೆಲವು ಪೂರ್ತಿ ಬಿರಿಯದೆ ಸಣ್ಣ ನಕ್ಷತ್ರದಂತೆ ಗಟ್ಟಿಯಾಗಿ ನಿಲ್ಲುತ್ತವೆ. ಅವು ಕಾಯಾಗುವುದಿಲ್ಲ. ಹಾಗಾಗಿಯೇ ಪೇಟೆಯಲ್ಲಿ ಮಳೆ ಬಂತಾ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಬಿತ್ತು ಎಂದೇ ಕೇಳುತ್ತಾರೆ. ಅರ್ಧ ಮಳೆ ಬಿದ್ದ ತೋಟಕ್ಕೆ ಸ್ಪ್ರಿಂಕ್ಲರ್ ಇದ್ದವರು ಕೂಡಲೇ ಉಳಿದ ನೀರು ಕೊಡುತ್ತಾರೆ. ಇಲ್ಲದವರು ಮತ್ತೆ ಆಕಾಶ ನೋಡಬೇಕು.

ಸ್ಪ್ರಿಂಕ್ಲರ್ ಎಂದರೆ ಎಷ್ಟು ನೀರು ಎಂದು ಒಮ್ಮೆ ಲೆಕ್ಕ ಹಾಕಿ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ 1 ಲಕ್ಷ ಲೀಟರಿಗೂ ಸ್ವಲ್ಪ ಜಾಸ್ತಿ. ಹತ್ತು ಎಕರೆಗೆ 10 ಲಕ್ಷ ಲೀಟರ್. ಮೋಡ ಅದನ್ನು ಮುಕ್ಕಾಲು ಗಂಟೆಯಲ್ಲಿ ಪುಕ್ಕಟೆ ಕೊಟ್ಟು ಹೋಗುತ್ತದೆ. ನಾವು ಕೊಡಬೇಕಾದರೆ ಡೀಸೆಲ್, ಪೈಪು, ನೀರು ಚಿಮ್ಮಿಸುವ ಜೆಟ್ ಬದಲಿಸುವ ಆಳುಗಳು, ರಾತ್ರಿ ನಿದ್ದೆ, ಎಲ್ಲ ಬೇಕು. ಅದಕ್ಕಿಂತ ಮುಖ್ಯವಾಗಿ ಕೆರೆಯಲ್ಲಿ ನೀರಿರಬೇಕು. ಹೊಳೆ ಬತ್ತುವ ತಿಂಗಳಲ್ಲೇ ಎಲ್ಲರೂ ಹೊಳೆಗೆ ಪಂಪ್ ಇಟ್ಟರೆ ಕೆಳಗಿನ ಊರಿನವರಿಗೆ ಕುಡಿಯುವ ನೀರಿಗೂ ಕಷ್ಟ. ಮಳೆಗಾಲದ ನೀರನ್ನು ತೋಟದ ಕೆರೆಯಲ್ಲೇ ಹಿಡಿದಿಟ್ಟುಕೊಂಡವರು ನಿಜವಾಗಿ ದೊಡ್ಡ ಕೆಲಸ ಮಾಡಿದ್ದಾರೆ ಎಂದು ನಾನು ನಂಬುತ್ತೇನೆ.

ಹೂ ಅರಳಿದ ದಿನ ಮಾತ್ರ ಮಳೆ ಬರಬಾರದು. ಅರೇಬಿಕಾ ತನ್ನ ಪರಾಗದಲ್ಲೇ ಬಹುತೇಕ ಕಾಯಿ ಕಟ್ಟುತ್ತದೆ. ರೋಬಸ್ಟಾ ಹಾಗಲ್ಲ. ಅದಕ್ಕೆ ಬೇರೆ ಗಿಡದ ಪರಾಗವೇ ಬೇಕು. ಹೆಜ್ಜೇನು, ತುಡುವೆ ಜೇನು, ಗಾಳಿ, ಇವೇ ಅದನ್ನು ತರಬೇಕು. ಆ ಬೆಳಗ್ಗೆ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ, ಜೇನೂ ಹೊರಗೆ ಬರುವುದಿಲ್ಲ. ಹೂವಿನ ದಿನಗಳಲ್ಲಿ ಔಷಧ ಹೊಡೆಯಬೇಡಿ ಎಂದು ಹೇಳುವುದೂ ಜೇನಿಗಾಗಿಯೇ.

ಅದಾಗಿ ಹದಿನೈದು ಇಪ್ಪತ್ತು ದಿನದಲ್ಲಿ ಎರಡನೇ ಮಳೆ ಬೇಕು. ಬೆಳೆಗಾರರು ಇದನ್ನು ಬ್ಯಾಕಿಂಗ್ ಮಳೆ ಎನ್ನುತ್ತಾರೆ. ಆಗ ಎಳೆಕಾಯಿ ಸಾಸಿವೆಯಷ್ಟೂ ಇರುವುದಿಲ್ಲ. ತೇವ ಸಿಗದಿದ್ದರೆ ಅದು ಉದುರುತ್ತದೆ. ಹೂವು ಚೆನ್ನಾಗಿ ಬಂದೂ ಬೆಳೆ ಕೈಗೆ ಸಿಗದ ವರ್ಷಗಳು ಹೀಗೆಯೇ ಆಗುವುದು. ಹೂಮಳೆಯ ಸಂಭ್ರಮದ ಫೋಟೋ ಎಲ್ಲರ ಮೊಬೈಲಿನಲ್ಲಿ ಇರುತ್ತದೆ. ಈ ಎರಡನೇ ಮಳೆಯ ಫೋಟೋ ಯಾರೂ ತೆಗೆಯುವುದಿಲ್ಲ. ಬೆಳೆಗಾರರ ಮನಸ್ಸಿನಲ್ಲಿ ಇರುವುದು ಮಾತ್ರ ಅದೇ.

ಬೇಗ ಬಂದರೂ ಕಷ್ಟ. 2021ರ ಜನವರಿಯಲ್ಲಿ ಮಲೆನಾಡಿನಲ್ಲಿ ಅಕಾಲ ಮಳೆ ಸುರಿಯಿತು. ಆ ಹೊತ್ತಿಗೆ ಕೊಯ್ಲು ಮುಗಿದಿರುವುದಿಲ್ಲ. ಹಣ್ಣು ಗಿಡದಲ್ಲೇ ಇರುತ್ತದೆ. ಅದೇ ರೆಂಬೆಯಲ್ಲಿ ಹೂವು ಅರಳಿದರೆ ಏನು ಮಾಡುವುದು? ಹಣ್ಣು ಕೊಯ್ದರೆ ಹೂವು ಉದುರುತ್ತದೆ. ಕೊಯ್ಯದಿದ್ದರೆ ಹಣ್ಣು ನೆಲಕ್ಕೆ ಬೀಳುತ್ತದೆ. ಕಣದಲ್ಲಿ ಹರಡಿದ ಕಾಫಿಗೂ ಕರಿಮೆಣಸಿಗೂ ಟಾರ್ಪಾಲ್ ಹೊದಿಸಲು ಓಡಬೇಕು. ನೆನೆದರೆ ಬೂಷ್ಟು ಹಿಡಿದು ಬೆಲೆ ಬೀಳುತ್ತದೆ.

ಮಳೆ ತಡವಾಗುವ ವರ್ಷಗಳಿಗೆ ದೂರದ ಕಾರಣಗಳೂ ಇರುತ್ತವೆ. ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೋ ಅಂಥದ್ದು. 2023ರಲ್ಲಿ ಅದು ಬಂತು. ಮುಂಗಾರು ಕೈಕೊಟ್ಟಿತು, ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮುಂದಿನ ಬೇಸಿಗೆ ಅದೇ ಒಣಗಿದ ನೆಲದ ಮೇಲೆ ಬಂತು. ನೆಲದಲ್ಲಿ ತೇವ ಇಲ್ಲದಿದ್ದರೆ ಸ್ಥಳೀಯ ಮೋಡಕ್ಕೂ ಸರಕು ಕಡಿಮೆ.

ಮುನ್ಸೂಚನೆಯನ್ನು ಓದುವುದು ಹೇಗೆ

"ಮಳೆ ಅಂತ ಹೇಳಿದ್ದರು, ಬರಲೇ ಇಲ್ಲ" ಎನ್ನುವುದು ಇಲ್ಲಿ ದಿನವೂ ಕೇಳುವ ದೂರು. ಹವಾಮಾನ ಇಲಾಖೆಯ ಮಾತಿಗೆ ಒಂದು ಲೆಕ್ಕ ಇದೆ. "ಒಂದೆರಡು ಕಡೆ" ಎಂದರೆ ಜಿಲ್ಲೆಯ ಮಳೆ ಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ. "ಕೆಲವು ಕಡೆ" ಎಂದರೆ 50ರವರೆಗೆ. "ಹಲವು ಕಡೆ" ಎಂದರೆ 75ರವರೆಗೆ. ಮಾರ್ಚ್‌ನಲ್ಲಿ ಕೊಡಗಿಗೆ ಹೆಚ್ಚಾಗಿ ಬರುವುದು ಮೊದಲನೆಯದು. ಅಂದರೆ ಮುಕ್ಕಾಲು ಜಿಲ್ಲೆ ಒಣಗಿದ್ದರೂ ಆ ಮುನ್ಸೂಚನೆ ಸರಿ. ಇದು ಜಾರಿಕೊಳ್ಳುವ ಮಾತಲ್ಲ. ಗುಡುಗುಮಳೆಯ ಸ್ವಭಾವವನ್ನು ಅದು ಪ್ರಾಮಾಣಿಕವಾಗಿ ಹೇಳುತ್ತಿದೆ.

ಮೊಬೈಲ್ ಆ್ಯಪ್‌ಗಳ ಕಥೆ ಬೇರೆ. ಅವುಗಳ ಹಿಂದೆ ಇರುವ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಜಾಗತಿಕ ಮಾದರಿಗಳಲ್ಲಿ ಒಂದು ಚೌಕದ ಬದಿ ಸಾಮಾನ್ಯವಾಗಿ 9 ಕಿಲೋಮೀಟರ್, ಇಲ್ಲವೇ ಅದಕ್ಕಿಂತ ಜಾಸ್ತಿ. ಅಷ್ಟರೊಳಗೆ ನಮ್ಮಲ್ಲಿ ಒಂದು ಬೆಟ್ಟ, ಎರಡು ಗದ್ದೆ ಬಯಲು, ಒಂದು ಪೇಟೆ ಬಂದುಹೋಗುತ್ತದೆ. ಎಲ್ಲಕ್ಕೂ ಒಂದೇ ಅಂಕಿ. 2025ರ ಮೇ ತಿಂಗಳಲ್ಲಿ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ರೂಪಿಸಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಬಂತು. ಅದರಲ್ಲಿ ಚೌಕ 6 ಕಿಲೋಮೀಟರಿಗೆ ಇಳಿದಿದೆ. ಹಿಂದಿನದರಲ್ಲಿ ಅದು 12 ಇತ್ತು. ಸುಧಾರಣೆ ನಿಜ. ಆದರೂ ನಿಮ್ಮ ತೋಟದ ಮೇಲೆ ನಾಳೆ ಮೂರು ಗಂಟೆಗೆ ಮಳೆ ಎಂದು ಯಾವ ಆ್ಯಪ್ ಹೇಳಿದರೂ ಅದನ್ನು ಸಾಧ್ಯತೆ ಎಂದಷ್ಟೇ ತೆಗೆದುಕೊಳ್ಳಿ. ಎರಡು ಮೂರು ದಿನ ಮುಂಚೆ ಟ್ರಫ್ ಹತ್ತಿರ ಬರುತ್ತಿದೆಯೇ ನೋಡಿ. ಆ ದಿನ ಬೆಳಗ್ಗೆ ಚಳಿ ಕಡಿಮೆಯಾಗಿದೆಯೇ, ಹನ್ನೊಂದರ ಒಳಗೆ ಮೋಡ ಗುಡ್ಡೆ ಕಟ್ಟುತ್ತಿದೆಯೇ ನೋಡಿ. ಮಧ್ಯಾಹ್ನದ ಮೇಲೆ ಇಲಾಖೆ ಕೊಡುವ ಮೂರು ಗಂಟೆಯ ಮುನ್ಸೂಚನೆ ನೋಡಿ. ಕಣದ ಕೆಲಸಕ್ಕೆ ಇಷ್ಟು ಸಾಕು.

ಸಿಡಿಲಿನ ವಿಷಯದಲ್ಲಿ ಮಾತ್ರ ಸಾಧ್ಯತೆ ಎಂದು ಸುಮ್ಮನಿರಬೇಡಿ. ಮೆಣಸು ಕೊಯ್ಯುವವರು ಇದೇ ತಿಂಗಳುಗಳಲ್ಲಿ ಎತ್ತರದ ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟು ಹತ್ತಿರುತ್ತಾರೆ. ಏಣಿ ಅಲ್ಯೂಮಿನಿಯಮ್ಮಿನದ್ದಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಮಿಂಚು ಕಂಡು ಗುಡುಗು ಕೇಳುವ ನಡುವೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತು ಸೆಕೆಂಡಿನ ಒಳಗಿದ್ದರೆ ಕೂಡಲೇ ಕೆಳಗಿಳಿಸಿ ಮನೆಯೊಳಗೆ ಕರೆಯಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಹತ್ತಿಸಬೇಡಿ. ಹತ್ತಿರದ ಸಿಡಿಲನ್ನು ತಿಳಿಸುವ ದಾಮಿನಿ ಆ್ಯಪ್ ಉಚಿತ. ಮೇಸ್ತ್ರಿಯ ಮೊಬೈಲಿನಲ್ಲೂ ಅದು ಇರಲಿ.

ಇನ್ನೊಂದು ಕೆಲಸ ಪ್ರತಿ ತೋಟದಲ್ಲೂ ಆಗಬೇಕು ಎಂಬುದು ನನ್ನ ಆಸೆ. ಒಂದು ಮಳೆ ಮಾಪಕ ಇಡಿ. ಮರದ ನೆರಳಿನಿಂದ, ಮಾಡಿನಿಂದ ದೂರ, ತೆರೆದ ಜಾಗದಲ್ಲಿ. ದಿನಾ ಬೆಳಗ್ಗೆ 8.30ಕ್ಕೆ ಓದಿ. ಇಲಾಖೆಯ ದಿನದ ಲೆಕ್ಕವೂ ಅದೇ ಹೊತ್ತಿಗೆ. ಅನೇಕ ಹಳೆಯ ತೋಟಗಳಲ್ಲಿ ಅಜ್ಜನ ಕಾಲದಿಂದ ಬರೆದ ಮಳೆ ಪುಸ್ತಕ ಇದೆ. ಪೇಟೆಯ ಅಂಕಿ ನಿಮ್ಮ ತೋಟದ ಅಂಕಿ ಅಲ್ಲ, ಪಕ್ಕದವರದ್ದೂ ಅಲ್ಲ. ಸೆಂಟ್ಸ್ ಜೊತೆ ಹೂವು ಅರಳಿದ ದಿನವನ್ನೂ ಬರೆಯಿರಿ. ಬ್ಯಾಕಿಂಗ್ ಮಳೆಗೆ ಎಷ್ಟು ದಿನ ಕಾಯಬಹುದು, ಪಂಪ್ ಯಾವತ್ತು ಶುರುಮಾಡಬೇಕು ಎನ್ನುವುದನ್ನು ಆ ದಿನದಿಂದಲೇ ಎಣಿಸಬೇಕು.